ಕಪ್ಪಿನ ಕೆಳಗಿನ ಊರು

ಬಹ್ರೇನಿನ ಜಿಂಜ್‌ನಲ್ಲಿರುವ ನಮ್ಮ ಮನೆಯ ಮೂರನೆಯ ಮಹಡಿಯ ಕೋಣೆಯಲ್ಲಿ ನಾನೊಂದು ಸೊಳ್ಳೆ ಪರದೆ ಕಟ್ಟಿಕೊಂಡು ಮಲಗುತ್ತೇನೆ. ಆ ಕೋಣೆಯ ಕಿಟಕಿಯನ್ನು ನಾವು ತೆರೆಯುವುದೇ ಅಪರೂಪ. ತೆರೆದರೆ ಒಳಗೆ ಬರುವುದು ಧೂಳು, ಧೂಳಿನ ಹಿಂದೆಯೇ ಬಿಸಿ. ವರ್ಷದ ಬಹುಪಾಲು ಎ.ಸಿ. ಗುಂಯ್‌ಗುಟ್ಟುತ್ತಲೇ ಇರುತ್ತದೆ. ಬಹ್ರೇನಿನಲ್ಲಿ ಸೊಳ್ಳೆಯೇ ಇಲ್ಲವೆಂದು ನಾನು ಹೇಳಲಾರೆ. ಖರ್ಜೂರದ ತೋಟಗಳ ಕಡೆ, ನೀರು ನಿಂತ ಜಾಗಗಳಲ್ಲಿ ಇವೆಯಂತೆ. ನನ್ನ ಕೋಣೆಯವರೆಗೆ ಅವು ಬಂದಿಲ್ಲ. ಪರದೆ ಕಟ್ಟಿದ ದಿನದಿಂದ ಡೈರಿಯ ಪುಟದ ತುದಿಯಲ್ಲಿ ‘ಸೊಳ್ಳೆ’ ಎಂದು ಬರೆದು ಅದರ ಮುಂದೆ ಸೊನ್ನೆ ಹಾಕುತ್ತಾ ಬಂದಿದ್ದೇನೆ. ಪುಟ ತಿರುವಿದರೆ ಸೊನ್ನೆಗಳು ನೀರಿನಿಂದ ಮೇಲೇಳುವ ಗುಳ್ಳೆಗಳ ಹಾಗೆ ಸಾಲಾಗಿ ಕಾಣುತ್ತವೆ.

ಅಮ್ಮನಿಗೆ ಇದು ಅರ್ಥವಾಗುವುದಿಲ್ಲ.

“ಸೊಳ್ಳೆನೇ ಇಲ್ವಲ್ಲೇ, ಪರದೆ ಯಾಕೆ?” ಎಂದು ಮೊದಲ ವಾರವೇ ಕೇಳಿದಳು.

“ಪರದೆ ಇದೆಯಲ್ಲಮ್ಮ, ಅದಕ್ಕೇ ಇಲ್ಲ.”

“ಮೂವತ್ತು ಹತ್ತಿರ ಬಂತು, ಇನ್ನೂ ಮಾತು ಹೀಗೇ,” ಎಂದು ಗೊಣಗುತ್ತಾ ಹೋದಳು. ನನಗೆ ಇಪ್ಪತ್ತಾರು. ಲೆಕ್ಕದಲ್ಲಿ ಅಮ್ಮ ಯಾವಾಗಲೂ ನಾಲ್ಕು ವರ್ಷ ಮುಂದಿರುತ್ತಾಳೆ.

ನಿಜ ಹೇಳಬೇಕೆಂದರೆ ಪರದೆಯೊಳಗೆ ಮಲಗುವುದು ಸೊಳ್ಳೆಗಾಗಿ ಅಲ್ಲ. ಬೀದಿದೀಪದ ಬೆಳಕು ಕಿಟಕಿಯ ಗಾಜಿನಿಂದ ಬಂದು ಪರದೆಯ ಮೇಲೆ ಬಿದ್ದಾಗ, ಎ.ಸಿ.ಯ ಗಾಳಿಗೆ ಅದು ಒಂದಿಷ್ಟು ಉಬ್ಬುತ್ತದೆ, ಆಮೇಲೆ ಇಳಿಯುತ್ತದೆ. ಅರೆನಿದ್ದೆಯಲ್ಲಿ ಕಣ್ಣು ಬಿಟ್ಟರೆ ನಾನು ಯಾವುದೋ ಹಾಯಿಯ ಕೆಳಗೆ ಮಲಗಿದ್ದೇನೆ ಅನ್ನಿಸುತ್ತದೆ. ಮಂಚ ಮೆಲ್ಲಗೆ ಹೊರಟಿದೆ, ಎಲ್ಲಿಗೆಂದು ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಬೇಸರವೂ ಇಲ್ಲ.

ನನ್ನ ಮೊದಲ ಸೊಳ್ಳೆ ಪರದೆ ತುಮಕೂರಿನದು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ ಆದರೂ ಜುಲೈ ರಜೆಗೆ ತುಮಕೂರಿನ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಅಲ್ಲಿ ಪರದೆಗೆ ನಾಲ್ಕು ದಾರ. ಒಂದು ಕಿಟಕಿಯ ಸರಳಿಗೆ, ಒಂದು ಬೀರುವಿನ ಹಿಡಿಗೆ, ಒಂದು ಕ್ಯಾಲೆಂಡರಿನ ಮೊಳೆಗೆ. ನಾಲ್ಕನೆಯದಕ್ಕೆ ಮೊಳೆ ಇರಲಿಲ್ಲವಾದ್ದರಿಂದ ನಡುಮನೆಯಲ್ಲಿ ನಿಲ್ಲಿಸುತ್ತಿದ್ದ ಮಾವನ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟುತ್ತಿದ್ದರು. ಬೆಳಿಗ್ಗೆ ಮಾವ ಹಾಲಿಗೆ ಹೊರಟಾಗ ದಾರ ಬಿಚ್ಚಲು ಮರೆಯುತ್ತಿದ್ದ. ಹೀಗಾಗಿ ನನ್ನ ಬಾಲ್ಯದ ರಜೆಯ ದಿನಗಳೆಲ್ಲ ಆಕಾಶ ಮುಖದ ಮೇಲೆ ಕುಸಿದು ಬೀಳುವುದರಿಂದಲೇ ಶುರುವಾಗುತ್ತಿದ್ದವು.

ಲೆಕ್ಕ ಬರೆಯುವ ಚಟ ಹತ್ತಿದ್ದೂ ಆ ಪರದೆಯೊಳಗೇ. ಚಪ್ಪಾಳೆ ತಟ್ಟಿ ಕೊಂದ ಸೊಳ್ಳೆಗಳಿಗೆ ಒಂದೊಂದು ಗೀಟು ಹಾಕುತ್ತಿದ್ದೆ. ಅಜ್ಜಿ ಒಮ್ಮೆ ನೋಡಿ, “ಸತ್ತವರ ಲೆಕ್ಕ ಬರೆದಿಡಬೇಡ ಕಣೇ. ನಾಳೆ ಮೇಲೆ ಹೋದಾಗ ಅದನ್ನೇ ಓದಿ ಹೇಳ್ತಾರೆ,” ಎಂದಳು. ಹೆದರಿ, ಅಂದಿನಿಂದ ಪರದೆಯ ಹೊರಗೆ ಕುಳಿತ ಜೀವಂತ ಸೊಳ್ಳೆಗಳನ್ನು ಮಾತ್ರ ಎಣಿಸತೊಡಗಿದೆ. ಪುಣ್ಯದ ಲೆಕ್ಕ ಅದು. ಈಗ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಗೋದಾಮುಗಳಿಗೆ ಬೆಂಕಿ ಬೀಳುವ ಅಪಾಯ ಎಷ್ಟು, ನೀರು ನುಗ್ಗುವ ಅಪಾಯ ಎಷ್ಟು ಎಂದು ಅಂಕ ಹಾಕುವುದು ನನ್ನ ಕೆಲಸ. ಹಾಗೆ ನೋಡಿದರೆ ಇನ್ನೂ ಪರದೆಯ ಹೊರಗೆ ಕುಳಿತವುಗಳನ್ನೇ ಎಣಿಸುತ್ತಿದ್ದೇನೆ.

ಈಗಿನ ಪರದೆ ನನ್ನದಲ್ಲ, ಲೀನಾ ಆಂಟಿಯದು. ಅದು ನನ್ನ ಬಳಿ ಬಂದ ಕತೆ ಹೇಳಬೇಕಾದರೆ ಉಮ್ ಅಲ್ ಹಸ್ಸಮ್‌ಗೆ ಹೋಗಬೇಕು.

ಜಿಂಜ್‌ಗೆ ಬರುವ ಮೊದಲು ನಾವು ಉಮ್ ಅಲ್ ಹಸ್ಸಮ್‌ನ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಎದುರು ಬಾಗಿಲಿನವರು ಲೀನಾ ಆಂಟಿ ಮತ್ತು ಸಿರಿಲ್ ಅಂಕಲ್. ಮಂಗಳೂರಿನವರು, ಮಕ್ಕಳಿಲ್ಲ. ಆಂಟಿ ನರ್ಸ್, ಅಂಕಲ್ ಸಿತ್ರಾದಲ್ಲಿ ಕೆಲಸ. ಅವರ ಮನೆಮಾತು ಕೊಂಕಣಿ. ನಾವಿದ್ದಾಗ ಮಾತ್ರ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು, ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು. ಅದು ನಮಗೆ ತೋರಿಸುತ್ತಿದ್ದ ಮರ್ಯಾದೆ. ಮಾತು ಥಟ್ಟನೆ ಕೊಂಕಣಿಗೆ ಇಳಿಯಿತೆಂದರೆ ಜಗಳ ನಿಜವಾದದ್ದೆಂದು ತಿಳಿದು ಅಮ್ಮ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಬರುತ್ತಿದ್ದಳು.

ಆಂಟಿಗೆ ಒಂದು ಪದ್ಧತಿ ಇತ್ತು. ಸಂಜೆ ಮಗ್ರಿಬ್‌ನ ಬಾಂಗ್ ಕೇಳಿದ ಕೂಡಲೇ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಒಂದು ಚಿಪ್ಪಿನಲ್ಲಿ ಧೂಪ ಹಾಕಿ ಮೂಲೆ ಮೂಲೆಗೆ ಹಿಡಿಯುತ್ತಿದ್ದರು. ತಮ್ಮ ಮನೆ ಮುಗಿಸಿ ನಮ್ಮ ಮನೆಗೂ ಬರುತ್ತಿದ್ದರು. ನಾನು ಮೇಜಿನ ಕೆಳಗೆ ಕೂತು ಆ ಹೊಗೆ ನೆಲದಿಂದ ಒಂದು ಗೇಣು ಮೇಲೆ ತೇಲುವುದನ್ನು ನೋಡುತ್ತಿದ್ದೆ. ಅಪ್ಪ ಒಮ್ಮೆ ನಗುತ್ತಾ, “ಸಿಸ್ಟರ್, ಈ ಮರಳುಗಾಡಲ್ಲಿ ಸೊಳ್ಳೆ ಎಲ್ಲಿಂದ ಬರ್ಬೇಕು?” ಎಂದಿದ್ದ.

“ಬರುದಿಲ್ಲಾಂತ ನಿಮಗೆ ಯಾರು ಹೇಳಿದ್ದು? ಸೊಳ್ಳೆ ಬರುದು ಆರು ಗಂಟೆಗೆ. ನಮ್ಮಮ್ಮ ಬಜ್ಪೆಯಲ್ಲಿ ಹೀಗೆಯೇ ಮುಚ್ಚುದು,” ಎಂದು ಆಂಟಿ ಕೆಮ್ಮುತ್ತಲೇ ಹೇಳಿದ್ದರು.

ಅಂಕಲ್ ಹಡಗುಗಳಿಗೆ ಎಣ್ಣೆ ತುಂಬುವ ಜೆಟ್ಟಿಯಲ್ಲಿದ್ದರು. ಬೆಳಗಿನ ಪಾಳಿಯಿದ್ದರೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಕಂಪನಿಯ ಬಸ್ಸು ಅವರನ್ನು ತಿರುವಿನಲ್ಲಿ ಇಳಿಸಿ ಹೋಗುತ್ತಿತ್ತು. ಮೆಟ್ಟಿಲ ಮೇಲೆ ಶೂ ಬಿಚ್ಚುತ್ತಾ ನನಗೆ ಆ ದಿನದ ಹಡಗಿನ ವರದಿ ಒಪ್ಪಿಸುತ್ತಿದ್ದರು. ಖಾಲಿ ಹಡಗು ಬರುವಾಗ ಕೆಂಪು ಹೊಟ್ಟೆ ತೋರಿಸಿಕೊಂಡು ಎತ್ತರವಾಗಿ ಬರುತ್ತದೆ, ತುಂಬಿದ ಮೇಲೆ ನಾಚಿಕೊಂಡವರ ಹಾಗೆ ನೀರಿನೊಳಗೆ ಕುಳಿತುಕೊಳ್ಳುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ನಾನು ಬರೆದುಕೊಳ್ಳುತ್ತಿದ್ದೆ: ಇವತ್ತು ಎತ್ತರದ್ದು ಎರಡು, ನಾಚಿದ್ದು ಒಂದು.

ಅವರ ಕೆಲಸ ಜೆಟ್ಟಿಯ ವಾಲ್ವುಗಳವರೆಗೆ ಮಾತ್ರ. ಹಡಗಿನ ಏಣಿ ಹತ್ತಲು ಬೇರೆ ಪಾಸು ಬೇಕಿತ್ತು, ಅದು ಅವರಿಗೆ ಇರಲಿಲ್ಲ. ಅಷ್ಟು ವರ್ಷ ಅಷ್ಟು ಹಡಗುಗಳಿಗೆ ಹೊಟ್ಟೆ ತುಂಬಿಸಿ ಕಳಿಸಿದ ಮನುಷ್ಯ ಒಂದರ ಮೇಲೂ ಕಾಲಿಟ್ಟವರಲ್ಲ.

“ಹೊರಡುವಾಗ ಮೇಲಿಂದ ಕೈ ಬೀಸ್ತಾರೆ,” ಎಂದು ಒಮ್ಮೆ ಹೇಳಿದ್ದರು. “ಯಾರ ಊರಿನವ್ರೋ ಏನೋ. ಕೆಳಗೆ ನಾವು ಮೂರು ಜನ. ಯಾರಿಗೆ ಬೀಸ್ತಾರೆ ಅಂತ ಗೊತ್ತಾಗುದಿಲ್ಲ.”

“ನೀವೂ ಬೀಸ್ತೀರಾ ಅಂಕಲ್?”

“ಬೀಸದಿದ್ರೆ ಬೇಜಾರು ಮಾಡಿಕೊಳ್ತಾರಲ್ಲ ಮಾರಾಯ್ತಿ.”

ಕಳೆದ ವರ್ಷ ಅಂಕಲ್ಲಿನ ಕೆಲಸ ಮುಗಿಯಿತು. ಆಂಟಿ ಅದಕ್ಕೂ ಮೊದಲೇ ನಿವೃತ್ತಿಯಾಗಿದ್ದರು. ವೀಸಾ ಮುಗಿಯುವುದರೊಳಗೆ ಇಬ್ಬರೂ ಬಹ್ರೇನ್ ಬಿಡಬೇಕು. ಮಂಗಳೂರಿನ ಬಂದರಿನ ಹತ್ತಿರ ಕುಳೂರಿನಲ್ಲಿ ಅವರದೊಂದು ಫ್ಲಾಟ್ ಇದೆ, ರಜೆಗೆ ಹೋದಾಗ ಇಳಿದುಕೊಳ್ಳುವುದು ಅಲ್ಲಿಯೇ. ಎಲ್ಲರೂ ಮಾಡುವ ಹಾಗೆ ಸಾಮಾನು ಕಾರ್ಗೋಗೆ ಹಾಕಿ ವಿಮಾನ ಹತ್ತುತ್ತಾರೆ ಎಂದುಕೊಂಡಿದ್ದೆವು. ನವೆಂಬರಿನ ಒಂದು ಶುಕ್ರವಾರ ನಾನು ಹೋದಾಗ ಅಂಕಲ್ ಮೇಜಿನ ಮೇಲೆ ಒಂದು ಬಣ್ಣದ ಕಾಗದ ಹರಡಿಕೊಂಡು ಕೂತಿದ್ದರು. ದುಬೈಯಿಂದ ಹೊರಡುವ ಪ್ರಯಾಣಿಕರ ಹಡಗು. ಮಸ್ಕತ್, ಮುಂಬೈ, ಮಂಗಳೂರು, ಕೊಚ್ಚಿ, ಕೊಲಂಬೊ, ಕೊನೆಗೆ ಮಾಲ್ಡೀವ್ಸಿನ ಮಾಲೆ. ಮಾಲೆಯಲ್ಲಿ ಇಳಿದು, ಅಲ್ಲಿಂದ ವಿಮಾನದಲ್ಲಿ ಮಂಗಳೂರಿಗೆ.

“ಮಂಗಳೂರು ನಡುವೆಯೇ ಬರುತ್ತಲ್ಲ ಅಂಕಲ್?” ಎಂದೆ.

“ಅದೇ ನಾನೂ ಕೇಳುದು,” ಎಂದರು ಆಂಟಿ ಒಳಗಿನಿಂದ. “ಮನೆ ಹತ್ತಿರ ಹಡಗು ನಿಲ್ತದೆ. ಇಳಿದು ಮನೆಗೆ ಹೋಗುದು ಬಿಟ್ಟು, ಬೆಳಿಗ್ಗೆ ಇಳಿದು ಸಂಜೆ ಪುನಃ ಹತ್ತುದಂತೆ. ಯಾರಾದ್ರೂ ನೋಡಿದ್ರೆ ಎಂತ ಹೇಳಿಯಾರು?”

“ಟೂರಿಸ್ಟ್ ಅಂತ ಹೇಳಿಯಾರು,” ಎಂದರು ಅಂಕಲ್. “ಕುತ್ತಿಗೆಗೆ ಕಾರ್ಡು ಹಾಕಿ, ಟೊಪ್ಪಿ ಇಟ್ಟುಕೊಂಡು ಹೋಗುವ.”

ಇದು ಕನ್ನಡದಲ್ಲೇ ನಡೆಯುತ್ತಿತ್ತು, ಹಾಗಾಗಿ ನಾನು ಆರಾಮವಾಗಿ ಕೂತಿದ್ದೆ. ಆಂಟಿ ಚಹಾ ತಂದಿಟ್ಟು ಎದುರು ಕೂತಾಗ ಮಾತ್ರ ಅವರ ಮುಖ ಬೇರೆಯಾಗಿರುವುದು ಕಂಡಿತು.

ನಾಲ್ಕು ವರ್ಷದ ಹಿಂದೆ ರಜೆಗೆ ಹೋದಾಗ ಅಂಕಲ್ಲಿಗೆ ಡೆಂಗಿ ಬಂದಿತ್ತು. ನಮಗೆ ಇಲ್ಲಿ ಫೋನಿನಲ್ಲಿ ಕೇಳಿ ಗೊತ್ತಿತ್ತು, ಅಷ್ಟೇ. ಪ್ಲೇಟ್‌ಲೆಟ್ ಇಳಿಯುತ್ತಾ ಹೋದದ್ದು, ಒಸಡಿನಲ್ಲಿ ರಕ್ತ ಕಂಡದ್ದು, ಜೀವನಪೂರ್ತಿ ಬೇರೆಯವರ ಹಾಸಿಗೆಯ ಪಕ್ಕದಲ್ಲಿ ಶಾಂತವಾಗಿ ನಿಂತಿದ್ದ ಆಂಟಿ ಅಂದು ನಿಲ್ಲಲಾರದೆ ಕುರ್ಚಿ ಹಿಡಿದುಕೊಂಡದ್ದು, ಇದನ್ನೆಲ್ಲ ಅವರು ಹೇಳಿದ್ದು ಅವತ್ತೇ. ಡೆಂಗಿ ಎರಡನೆಯ ಸಲ ಬಂದರೆ ಮೊದಲಿಗಿಂತ ಕೆಟ್ಟದಾಗಬಹುದು. ಅಂಕಲ್ಲಿಗೆ ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ.

“ಡಾಕ್ಟರ್ ಹತ್ತಿರ ಹೋಗಿದ್ವು,” ಎಂದರು ಆಂಟಿ. “ಹೋಗ್ಬೇಡಿ ಅಂತ ಅವ್ರೂ ಹೇಳುದಿಲ್ಲ, ಹೋಗಿ ಅಂತಲೂ ಹೇಳುದಿಲ್ಲ. ಡೆಂಗಿ ಸೊಳ್ಳೆ ಕಚ್ಚುದು ಹಗಲು, ಬೆಳಿಗ್ಗೆ ಮತ್ತೆ ಸಂಜೆಗೆ ಮುಂಚೆ ಜಾಸ್ತಿ. ಉದ್ದ ತೋಳಿನ ಅಂಗಿ ಹಾಕಿ, ಕ್ರೀಮು ಹಚ್ಚಿ, ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಬೇಡಿ, ಕೂಡ್ಲೇ ತೋರಿಸಿ ಅಂದ್ರು. ಇದೆಲ್ಲ ನಂಗೆ ಗೊತ್ತಿಲ್ಲದ್ದಾ? ಹೋಗುದೋ ಬಿಡುದೋ ನೀವೇ ನೋಡಿ ಅಂದ್ರು. ನಂಗೆ ಅದೇ ಗೊತ್ತಾಗುದಿಲ್ಲ.”

ಹಗಲು ಕಚ್ಚುವ ಸೊಳ್ಳೆ ಎಂದು ಕೇಳಿ ನನಗೆ ಆ ಧೂಪದ ಚಿಪ್ಪು ನೆನಪಾಯಿತು. ಗೊತ್ತಿದ್ದೂ ಇವರು ಇಷ್ಟು ವರ್ಷ ಸಂಜೆ ಕಿಟಕಿ ಮುಚ್ಚಿದರಲ್ಲ ಎಂದು ನೋಡಿದೆ. ಆಂಟಿಗೆ ನನ್ನ ನೋಟ ಅರ್ಥವಾಯಿತು. “ಅದು ಬೇರೆ, ಇದು ಬೇರೆ,” ಎಂದರು.

ಕುರ್ಚಿಯ ಮೇಲೆ ಬಿಳಿಯ ಪರದೆಯೊಂದು ಪ್ಲಾಸ್ಟಿಕ್ಕಿನಲ್ಲೇ ಇತ್ತು. ಡಾಕ್ಟರರ ಬಳಿಯಿಂದ ಬರುವಾಗ ದಾರಿಯಲ್ಲಿ ಕೊಂಡದ್ದಂತೆ. ಹಡಗಿನ ಕೋಣೆಯಲ್ಲಿ ಕಟ್ಟಲಿಕ್ಕೆ.

“ಹಡಗಿನ ಕೋಣೆಯ ಕಿಟಕಿ ತೆರೆಯುದೇ ಇಲ್ಲ, ಎ.ಸಿ. ಉಂಟು ಅಂತ ನೂರು ಸಲ ಹೇಳಿದೆ,” ಎಂದರು ಅಂಕಲ್. ಆಮೇಲೆ ನನ್ನ ಕಡೆ ತಿರುಗಿ, “ಪಲ್ಲವಿ ಮೇಡಂ, ನೀನು ಇನ್ಶೂರೆನ್ಸಿನವಳು. ಗೋದಾಮಿಗೆಲ್ಲ ಅಂಕ ಹಾಕ್ತಿಯಲ್ಲ, ನಮಗೂ ಹಾಕು. ಭಾನುವಾರ ನಾನು ಹಡಗಿನ ಟಿಕೆಟಿನವ್ರಿಗೆ ಹೇಳ್ಬೇಕು. ನೀನು ಬೇಡ ಅಂದ್ರೆ ನಾನು ಬಾಯಿ ಮುಚ್ಚಿಕೊಂಡು ವಿಮಾನ ಹತ್ತುತ್ತೇನೆ,” ಎಂದರು.

ನಗುತ್ತಲೇ ಹೇಳಿದರು. ಆದರೆ ಅವರ ಬೆರಳು ಆ ಬಣ್ಣದ ಕಾಗದದ ಹಡಗಿನ ಅಂಚಿನ ಮೇಲೆ, ಜನ ನಿಂತು ನೋಡುವ ಕಟಕಟೆಯ ಮೇಲೆ ಇತ್ತು.

ಹೀಗೆ ಎರಡು ಜೀವಗಳ ವಿಷಯ ನನ್ನ ಕೈಗೆ ಬಂತು. ಬೇಡವೆನ್ನಬಹುದಿತ್ತು. ಲೆಕ್ಕದ ಚಟ ಇರುವವರನ್ನು ಲೆಕ್ಕ ಹಾಕು ಎಂದು ಕರೆದರೆ ಅವರು ಬೇಡವೆನ್ನುವುದಿಲ್ಲ. ಡೆಂಗಿ, ಮಲೇರಿಯಾ, ಯಾವ ಬಂದರಿನಲ್ಲಿ ಏನು ಎಂದು ಶನಿವಾರ ಇಡೀ ದಿನ ಓದಿದೆ. ಸಂಜೆ ಮತ್ತೆ ಅವರ ಮನೆಗೆ ಹೋದೆ. ಕಾಗದದಲ್ಲಿ ತೋರಿಸಿದರೆ ಅಂಕಲ್ ಕನ್ನಡಕ ಹುಡುಕಲು ಹೋಗಿ ಮಾತು ತಪ್ಪಿಸುತ್ತಾರೆ ಎಂದು ಬೇರೆ ಉಪಾಯ ಮಾಡಿದೆ. ಆಂಟಿಯ ಬಳಿ ಚಿನ್ನದ ಅಂಚಿನ ಆರು ಸಾಸರ್‌ಗಳಿದ್ದವು. ಬಂದರುಗಳೂ ಆರು. ಹಡಗು ಹೋಗುವ ಕ್ರಮದಲ್ಲೇ ಸಾಸರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಅಪಾಯಕ್ಕೆ ತಕ್ಕಂತೆ ಹುರಿದ ಕಡಲೆಬೀಜ ಹಾಕುತ್ತಾ ಹೋದೆ. ಮಸ್ಕತ್‌ಗೆ ನಾಲ್ಕು ಬೀಜ. ಮುಂಬೈಗೆ ಒಂದು ಹಿಡಿ. ಕೊಚ್ಚಿಗೆ ಅಷ್ಟೇ. ಕೊಲಂಬೊಗೆ ಗುಡ್ಡೆ. ಮಾಲೆಗೆ ಅದಕ್ಕಿಂತ ಸ್ವಲ್ಪ ಕಡಿಮೆ.

“ನೋಡಿದ್ರಾ?” ಎಂದರು ಆಂಟಿ, ಗುಡ್ಡೆಗಳನ್ನು ನೋಡುತ್ತಾ. ಅವರ ಧ್ವನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ, ಭಯಕ್ಕೆ ಆಧಾರ ಸಿಕ್ಕಿದ ಸಮಾಧಾನ ಇತ್ತು.

ಅಂಕಲ್ ಕೈ ಚಾಚಿ ಕೊಲಂಬೊದಿಂದ ನಾಲ್ಕು ಬೀಜ ತೆಗೆದು ಬಾಯಿಗೆ ಹಾಕಿಕೊಂಡರು. “ಈಗ ಸ್ವಲ್ಪ ಕಡಿಮೆ ಆಯ್ತು.”

“ತಮಾಷೆ ಸಾಕು.”

“ಉಪ್ಪು ಜಾಸ್ತಿ ಆಗಿದೆ. ಶ್ರೀಲಂಕಾದವರಿಗೆ ಬಿ.ಪಿ. ಕೂಡ ಬರಬಹುದು.”

ಆಂಟಿ ನಗಲಿಲ್ಲ. ಎದ್ದು ಹೋಗಿ ಅಂಕಲ್ಲಿಗೆ ಚಹಾ ತಂದರು. ಮೇಜಿನ ಮೇಲಿನ ಬಿಳಿಯ ಬಟ್ಟೆ ಅವರೇ ನೂಲಿನಲ್ಲಿ ಹೆಣೆದದ್ದು, ಅದರ ಮೇಲೆ ಸಾಸರ್ ಇಲ್ಲದೆ ಕಪ್ಪು ಇಡುವುದು ಆ ಮನೆಯಲ್ಲಿ ಮಹಾಪಾಪ. ಸಾಸರ್‌ಗಳೆಲ್ಲ ಬಂದರುಗಳಾಗಿದ್ದವು. ಆಂಟಿಯ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತು, ಖಾಲಿಯಿದ್ದ ಒಂದೇ ಒಂದು ಸಾಸರಿನ ಮೇಲೆ ಕಪ್ಪನ್ನು ಇಳಿಸಿತು.

ಅಂಕಲ್ ಎರಡು ಗುಟುಕು ಕುಡಿದರು. ಆಮೇಲೆ ಕಪ್ಪು ಎತ್ತಿ ಹಿಡಿದು ಕೆಳಗೆ ನೋಡಿದರು.

“ಇದು ಯಾವ ಊರು ಪಲ್ಲವಿ?”

ನಾನು ಎಡದಿಂದ ಎಣಿಸಿದೆ. ಮಸ್ಕತ್, ಮುಂಬೈ.

“ಮಂಗಳೂರು ಅಂಕಲ್.”

“ಇದಕ್ಕೆ ಕಡಲೆ ಹಾಕ್ಲಿಲ್ವಾ ನೀನು?”

“ಅದು ನಿಮ್ಮ ಊರಲ್ವಾ,” ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ನಾನು ಮರೆತದ್ದಲ್ಲ. ಕೈ ಆ ಸಾಸರಿನ ಮೇಲೆ ಹೋಗಿತ್ತು, ಇದು ಅವರ ಮನೆಯಿರುವ ಊರು, ಇದಕ್ಕೇನು ಹಾಕುವುದು ಎಂದು ತಾನಾಗಿ ಮುಂದಕ್ಕೆ ಸರಿದಿತ್ತು. ಗೋದಾಮಿನಲ್ಲಿ ಇಂಥ ತಪ್ಪು ಮಾಡಿದ್ದರೆ ನನ್ನ ಮೇಲಿನವರು ಫೈಲನ್ನು ನನ್ನ ಮೇಜಿಗೆ ಎಸೆಯುತ್ತಿದ್ದರು. ಇಲ್ಲಿ ಯಾರೂ ಏನೂ ಎಸೆಯಲಿಲ್ಲ. ಒಬ್ಬರು ನರ್ಸ್, ಒಬ್ಬಳು ಅಪಾಯ ಅಳೆದು ಸಂಬಳ ಪಡೆಯುವವಳು. ಇಬ್ಬರೂ ಆ ಖಾಲಿ ಸಾಸರನ್ನು ನೋಡಿದ್ದೆವು, ಇಬ್ಬರಿಗೂ ಅದು ಖಾಲಿ ಎಂದು ಅನ್ನಿಸಿರಲಿಲ್ಲ.

“ನಂಗೆ ಡೆಂಗಿ ಬಂದದ್ದು ಕೊಲಂಬೊದಲ್ಲಿ ಅಲ್ಲ,” ಎಂದರು ಅಂಕಲ್, ಬಹಳ ಮೆಲ್ಲಗೆ.

ಆಂಟಿ ಕೊಂಕಣಿಯಲ್ಲಿ ಏನೋ ಹೇಳಿದರು. ಅಂಕಲ್ ಕೊಂಕಣಿಯಲ್ಲಿ ಉತ್ತರಿಸಿದರು. ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹೋಗಲು ಅಮ್ಮ ಇರಲಿಲ್ಲವಾದ್ದರಿಂದ ನಾನು ಮಾಲೆಯ ಕಡಲೆಬೀಜ ನೋಡುತ್ತಾ ಕೂತೆ. ಧ್ವನಿ ಏರಲಿಲ್ಲ. ನನಗೆ ತಿಳಿದದ್ದು ಎರಡು ಪದ. ಘರ್, ಉದಾಕ್. ಮನೆ, ನೀರು. ಆ ಎರಡು ಪದಗಳೂ ಮತ್ತೆ ಮತ್ತೆ ಬರುತ್ತಿದ್ದವು. ನನಗೆ ಯಾಕೋ ಕಣ್ಣು ಮಂಜಾದ ಹಾಗೆ, ಮನೆಯೊಂದು ನೀರಿನ ಮೇಲೆ ತೇಲಿ ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ತುಮಕೂರಿನ ನಡುಮನೆ, ಮಾವನ ಸೈಕಲ್ಲು, ಕುಸಿದ ಪರದೆ. ಆ ಊರಿಗೂ ನಾನು ಒಂದು ಬೀಜವನ್ನೂ ಹಾಕುತ್ತಿರಲಿಲ್ಲ. ಕೈ ಸರಿದು ಹೋಗುತ್ತಿತ್ತು. ಹೋಗುವ ಜಾಗಗಳಿಗೆ ಅಪಾಯ ಇರುತ್ತದೆ, ಮರಳುವ ಜಾಗಕ್ಕೆ ಇರುವುದಿಲ್ಲ ಎಂದು ದೂರದಲ್ಲಿ ಬದುಕುವ ನಾವೆಲ್ಲ ಯಾವಾಗ ತೀರ್ಮಾನಿಸಿದೆವೋ ಗೊತ್ತಿಲ್ಲ.

ಆಂಟಿ ಕನ್ನಡಕ್ಕೆ ವಾಪಸಾದರು.

“ಬಾಲ್ಕನಿಯಲ್ಲಿ ನನ್ನ ಆಂಥೂರಿಯಂ ಕುಂಡಗಳುಂಟು,” ಎಂದರು, ನನಗೆ. “ನಾವು ಇಲ್ಲದಾಗ ಪಕ್ಕದ ಮನೆಯ ಹೆಂಗಸು ನೀರು ಹಾಕುದು. ನೆಲ ಹಾಳಾಗ್ಬಾರ್ದು ಅಂತ ಕುಂಡದ ಅಡಿಯಲ್ಲಿ ತಟ್ಟೆ ಇಟ್ಟದ್ದು ನಾನು. ಆ ತಟ್ಟೆಯಲ್ಲಿ ನೀರು ನಿಂತೇ ಇರ್ತದೆ. ಇವ್ರು ರಜೆಯಲ್ಲಿ ದಿನಾ ಬೆಳಿಗ್ಗೆ ಬನಿಯನ್ ಹಾಕಿ ಅಲ್ಲೇ ಕೂತು ಪೇಪರ್ ಓದುದು.”

ಹೇಳಿದವರೇ ಕಡಲೆಯ ಡಬ್ಬಿಯನ್ನು ಎಳೆದುಕೊಂಡು, ಅಂಕಲ್ಲಿನ ಕೈಯಿಂದ ಕಪ್ಪು ತೆಗೆದು ಮುಂಬೈಯ ಗುಡ್ಡೆಯ ಮೇಲೆ ವಾಲಿಸಿ ಇಟ್ಟು, ಮಂಗಳೂರಿನ ಸಾಸರಿಗೆ ಬೀಜ ಸುರಿದರು. ಸಾಸರ್ ತುಂಬಿ ಬಿಳಿಯ ಬಟ್ಟೆಯ ಮೇಲೆಲ್ಲ ಚೆಲ್ಲಿತು. ಚೆಲ್ಲಿದ್ದನ್ನು ಎತ್ತಲಿಲ್ಲ. ಆಂಟಿ ಆ ಬಟ್ಟೆಯ ಮೇಲೆ ಏನನ್ನಾದರೂ ಚೆಲ್ಲಿ ಹಾಗೇ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಪ್ಪು ಮಗುಚಲಿಲ್ಲ. ಮೂವರೂ ಅದನ್ನೇ ನೋಡುತ್ತಿದ್ದೆವು.

“ಉಳಿದ ಜೀವಮಾನ ಪೂರ್ತಿ ಇಲ್ಲಿ ಇರ್ಲಿಕ್ಕೆ ಹೆದರಿಕೆ ಇಲ್ಲ ನಂಗೆ,” ಎಂದು ಆಂಟಿ ಆ ತುಂಬಿದ ಸಾಸರ್ ತೋರಿಸಿದರು. “ಒಂದೊಂದು ದಿನ ನಿಲ್ಲುವ ಊರಿಗೆ ಹೆದರ್ತಾ ಕೂತಿದ್ದೇನೆ.” ಆಮೇಲೆ ವಾರ್ಡಿನಲ್ಲಿ ಮಾತಾಡುತ್ತಿದ್ದ ಧ್ವನಿಯಲ್ಲಿ, “ಹೋಗುವ. ಆದ್ರೆ ನಾನು ಹೇಳಿದ ಹಾಗೆ ಕೇಳ್ಬೇಕು. ಬೆಳಿಗ್ಗೆ ಚಹಾದ ಮೊದಲೇ ಕ್ರೀಮು. ಉದ್ದ ತೋಳು, ಕಾಲುಚೀಲ. ಸೆಖೆ ಆಗ್ತದೆ ಅಂತ ತೋಳು ಮಡಚುದು ಕಂಡ್ರೆ ಅಲ್ಲಿಂದಲೇ ವಾಪಸ್,” ಎಂದರು.

“ಯೆಸ್ ಸಿಸ್ಟರ್.”

“ಎಲ್ಲಾ ಊರಲ್ಲೂ ಇಳಿಯಿರಿ. ಮಂಗಳೂರಲ್ಲಿ ನೀವು ಇಳಿಯುದು ಬೇಡ.”

ಅಂಕಲ್ ಬಾಯಿ ತೆರೆದರು.

“ಮೊದಲು ನಾನೊಬ್ಬಳೇ ಹೋಗಿ ಮನೆ ನೋಡಿ ಬರ್ತೇನೆ,” ಎಂದರು ಆಂಟಿ.

ಭಾನುವಾರ ಅಂಕಲ್ ಫೋನು ಮಾಡಿ ಒಪ್ಪಿಗೆ ಹೇಳಿದರು. ಹೊರಡುವ ಮುನ್ನ ಆಂಟಿ ಆ ಪರದೆಯನ್ನು ನನಗೆ ಕೊಟ್ಟರು. ಹಡಗಿನಲ್ಲಿ ಕಟ್ಟಲಿಕ್ಕೆ ಮೊಳೆ ಇಲ್ಲ, ಊರಿನಲ್ಲಿ ಬೇರೆ ಇದೆ, ಅಂಕಲ್ ಮಧ್ಯಾಹ್ನ ಮಲಗುವಾಗಲೂ ಅದನ್ನು ಕಟ್ಟುತ್ತೇನೆ ಎಂದರು. “ನಿಂಗೆ ಇಲ್ಲಿ ಎಂತಕ್ಕೆ ಅಂತ ಕೇಳ್ಬೇಡ. ಇಟ್ಟುಕೋ ಮಗಾ.” ನಾನು ಕೇಳಲಿಲ್ಲ. ಉಮ್ ಅಲ್ ಹಸ್ಸಮ್‌ನ ಆ ಮನೆಯಲ್ಲಿ ಕೊನೆಯ ಸಂಜೆ ಮಗ್ರಿಬ್‌ನ ಬಾಂಗ್ ಆದಾಗ ಆಂಟಿ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿದರು. ಸಾಮಾನೆಲ್ಲ ಹೋಗಿತ್ತು, ಪರದೆ ಬಟ್ಟೆಗಳಿಲ್ಲದ ಕಿಟಕಿಗಳು. ಚಿಪ್ಪು ಇರಲಿಲ್ಲ. ಆದರೂ ನನಗೆ ಧೂಪದ ವಾಸನೆ ಬಂತು.

ಈಗ ಅವರಿಬ್ಬರೂ ಕುಳೂರಿನಲ್ಲಿದ್ದಾರೆ. ಮಾಲೆಯಿಂದ ಬಂದ ಮೇಲೆ ಎರಡು ವಾರ ಆಂಟಿ ಬೆಳಿಗ್ಗೆ ಸಂಜೆ ಅಂಕಲ್ಲಿನ ಬಾಯಲ್ಲಿ ಥರ್ಮಾಮೀಟರ್ ಇಟ್ಟರು. ಜ್ವರ ಬರಲಿಲ್ಲ. ಬಾಯಲ್ಲಿ ಥರ್ಮಾಮೀಟರ್ ಇದ್ದಷ್ಟು ಹೊತ್ತು ಮನೆ ನಿಶ್ಶಬ್ದವಾಗಿತ್ತು, ಅದೊಂದು ಲಾಭ ಎಂದು ಆಂಟಿ ಹೇಳಿದರು. ಹಡಗಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ ಅಂಕಲ್ ದಿನಕ್ಕೊಂದು ಹೇಳುತ್ತಾರೆ. ಹಾರುವ ಮೀನು, ಮಳೆಯ ಕೊಲಂಬೊ, ಮಸ್ಕತ್‌ನ ಕಪ್ಪು ಬೆಟ್ಟಗಳು. ನಾನು ಪರದೆಯೊಳಗೆ ಮಲಗಿ ಅವನ್ನೆಲ್ಲ ಒಂದರ ಹಿಂದೆ ಒಂದು ಬರಲು ಬಿಡುತ್ತೇನೆ. ನಿದ್ದೆ ಹತ್ತುವ ಮೊದಲು ಬರುವುದು ಮಾತ್ರ ಯಾವಾಗಲೂ ಮಂಗಳೂರಿನ ದಿನ.

ಅವತ್ತು ಬೆಳಿಗ್ಗೆ ಹಡಗು ಬಂದರಿಗೆ ಬಂದಾಗ ಧ್ವನಿವರ್ಧಕದಲ್ಲಿ ಸೂಚನೆ ಕೊಟ್ಟರಂತೆ. ಇದು ಉಷ್ಣವಲಯದ ಊರು, ಸೊಳ್ಳೆಗಳ ಬಗ್ಗೆ ಎಚ್ಚರವಿರಲಿ, ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ ಎಂದು. ಪಕ್ಕದಲ್ಲಿದ್ದ ಬಿಳಿಯ ಅಜ್ಜಿಯೊಬ್ಬರು ಆಂಟಿಗೆ, ನೀವೂ ಜಾಗ್ರತೆ ಎಂದರಂತೆ. ಆಂಟಿ ಥ್ಯಾಂಕ್ಸ್ ಹೇಳಿ, ಕುತ್ತಿಗೆಗೆ ಕಾರ್ಡು ಹಾಕಿಕೊಂಡು ಇಳಿದರು. ಉಳಿದವರು ಬಸ್ಸು ಹತ್ತಿ ಊರು ನೋಡಲು, ಗೋಡಂಬಿ ಕೊಳ್ಳಲು ಹೋದರೆ ಆಂಟಿ ಬಂದರಿನ ಗೇಟಿನಲ್ಲಿ ರಿಕ್ಷಾ ಹಿಡಿದು ಕುಳೂರಿಗೆ ಹೋದರು.

ಮಧ್ಯಾಹ್ನ ನನ್ನ ಕಚೇರಿಯ ಊಟದ ಹೊತ್ತಿಗೆ ಅವರ ವಿಡಿಯೋ ಕಾಲ್ ಬಂತು. ಬಾಲ್ಕನಿ, ಕೆಂಪು ಆಂಥೂರಿಯಂಗಳು, ಗೋಡೆಗೆ ಒರಗಿಸಿದ ಪೊರಕೆ. ಕುಂಡಗಳನ್ನೆಲ್ಲ ಒಂದು ಕಡೆ ಎಳೆದಿಟ್ಟಿದ್ದರು. ಅಡಿಯ ತಟ್ಟೆಗಳೆಲ್ಲ ಉಜ್ಜಿ ತೊಳೆದು ಬೋರಲು ಹಾಕಿದ್ದವು, ಬಿಸಿಲಿನಲ್ಲಿ ಸಾಲಾಗಿ.

“ಮೂರರಲ್ಲಿ ಹುಳ ಇತ್ತು,” ಎಂದರು. “ಚಿಕ್ಕ ಚಿಕ್ಕದು, ಕುಣಿತಾ ಇದ್ವು. ನೆಲಕ್ಕೆ ಚೆಲ್ಲಿದೆ. ನೆಲ ಹಾಳಾದ್ರೆ ಆಗ್ಲಿ.” ಬೆವರು ಒರೆಸಿಕೊಂಡರು. ಉದ್ದ ತೋಳಿನ ಅಂಗಿ ಅವರದೂ ಒದ್ದೆಯಾಗಿತ್ತು. “ಇನ್ನು ಹೋಗ್ಬೇಕು. ತಡ ಆದ್ರೆ ಹಡಗು ಬಿಡ್ತದೆ. ಇವ್ರು ಒಬ್ರೇ ಕೊಲಂಬೊಗೆ ಹೋಗಿ ತೋಳು ಮಡಚಿಯಾರು.”

ಸಂಜೆ ಅಂಕಲ್ಲಿನ ಧ್ವನಿ ಸಂದೇಶ ಬಂತು. ಹಿಂದೆ ಗಾಳಿಯ ಸದ್ದು. ಅದನ್ನು ನಾನು ಅಳಿಸಿಲ್ಲ.

“ಪಲ್ಲವಿ, ಬೆಳಿಗ್ಗೆಯಿಂದ ಮೇಲೆ ನಿಂತು ಊರು ನೋಡ್ತಾ ಇದ್ದೆ. ನಮ್ಮ ಊರು ಇಷ್ಟು ಹಸಿರು ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಈಗ ಲೀನಾ ಬಂದ್ಳು. ಜೆಟ್ಟಿಯಲ್ಲಿ ನಡೆದು ಬರ್ತಾ ಇದ್ಳು, ಮೇಲಿಂದ ನೋಡಿದ್ರೆ ಇಷ್ಟೇ ಇಷ್ಟು ಕಾಣ್ತದೆ. ನನ್ನ ಕೈ ಅದಾಗಿಯೇ ಮೇಲೆ ಹೋಯ್ತು. ಸಿತ್ರಾದಲ್ಲಿ ಹಡಗಿನವ್ರಿಗೂ ಕೆಳಗೆ ನಿಂತವರಲ್ಲಿ ಯಾರೋ ತಮ್ಮವ್ರ ಹಾಗೆ ಕಂಡಿರ್ಬೇಕು. ಅದಕ್ಕೇ ಬೀಸ್ತಾ ಇದ್ದದ್ದು.”

ಗಾಳಿ ಮಾತ್ರ ಕೇಳುತ್ತಿತ್ತು. ಆಮೇಲೆ ಹಿಂದಿನಿಂದ, ಏಣಿ ಹತ್ತಿ ಬಂದ ಏದುಸಿರಿನಲ್ಲಿ, ಆಂಟಿಯ ಧ್ವನಿ.

“ಕೈ ಬೀಸುವಾಗ ತೋಳು ಮೊಣಕೈವರೆಗೆ ಜಾರಿತ್ತು. ಅದನ್ನೂ ಅವಳಿಗೆ ಹೇಳಿ. ಕೆಳಗಿಂದ ನಂಗೆ ಕಾಣ್ತಾ ಇತ್ತು.”

ಅದನ್ನು ಅವರು ಕನ್ನಡದಲ್ಲಿ ಹೇಳಿದರು.